ನಿಮಗಿದು ಗೊತ್ತೇ? ಕೈಗಾದ ಪಂಪ್‌ ಪಾಸಾಗಬೇಕಾದ ಪರೀಕ್ಷೆಗಳು

ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ–ನ್ಯಾಮತಿಯ ಭತ್ತ ಮತ್ತು ಮೆಕ್ಕೆಜೋಳ, ಜಗಳೂರಿನ ಒಣಭೂಮಿ – ಎಲ್ಲಕ್ಕೂ ಪಂಪ್‌ಸೆಟ್ಟೇ ಆಧಾರ. ಬೇಸಿಗೆಯಲ್ಲಿ ಮೋಟಾರು ಸುಟ್ಟರೆ ಏನಾಗುತ್ತದೆಂದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಟ್ಟರೆ ಎತ್ತಿ ರಿಪೇರಿ ಮಾಡೋಣ ಎನ್ನುವ ಮಾತೇ ನಡೆಯದ ಪಂಪ್‌ಗಳೂ ಇವೆ. ಅವು ಅಣು ವಿದ್ಯುತ್ ಸ್ಥಾವರದ ಪಂಪ್‌ಗಳು. ಅವುಗಳ ಗುಣಮಟ್ಟವನ್ನು ಹೇಗೆ ಕಾಯುತ್ತಾರೆ ಎಂಬುದನ್ನು ನಾವೂ ತಿಳಿಯಬೇಕು.

ಪಂಪಿನ ಹೊಣೆ

1. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ವಾಣಿಜ್ಯ ಉತ್ಪಾದನೆಗೆ ಮೊದಲು ಇಳಿದದ್ದು ಎರಡನೇ ಘಟಕ, 2000ದ ಮಾರ್ಚ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಒಂದನೆಯದು, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ಸೇರಿದವು. ಸ್ಥಾವರಕ್ಕೆ ತಂಪು ನೀರು ಕಾಳಿ ನದಿಯ ಕದ್ರಾ ಜಲಾಶಯದಿಂದ ಬರುತ್ತದೆ.

2. ಕೈಗಾದ ಒಂದೊಂದು ರಿಯಾಕ್ಟರಿಗೂ ನಾಲ್ಕು ಪ್ರಾಥಮಿಕ ಶೀತಕ ಪಂಪ್‌ಗಳಿವೆ. ಇಂಧನ ತುಂಬಿದ 306 ನಾಳಗಳ ಮೂಲಕ ಭಾರಜಲವನ್ನು (ಹೆವಿ ವಾಟರ್) ಬಿಡುವಿಲ್ಲದೆ ಓಡಿಸುವುದು ಅವುಗಳ ಕೆಲಸ.

3. ಆ ಭಾರಜಲ ರಿಯಾಕ್ಟರನ್ನು ಹೊಗುವಾಗ ಸುಮಾರು 249 ಡಿಗ್ರಿ ಸೆಲ್ಸಿಯಸ್, ಹೊರಬರುವಾಗ ಸುಮಾರು 293 ಡಿಗ್ರಿ ಬಿಸಿಯಿರುತ್ತದೆ. ಅಷ್ಟು ಬಿಸಿಯಲ್ಲೂ ಅದು ಕುದಿಯದಂತೆ ಪ್ರತಿ ಚದರ ಸೆಂಟಿಮೀಟರಿಗೆ 87 ಕಿಲೋಗ್ರಾಂ ಆಸುಪಾಸಿನ ಒತ್ತಡದಲ್ಲಿ ಹಿಡಿದಿಡುತ್ತಾರೆ. ತಣ್ಣೀರಿನ ಲೆಕ್ಕದಲ್ಲಿ ಇದು 870 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ.

4. ಭಾರಜಲ ಸಾಮಾನ್ಯ ನೀರಿಗಿಂತ ಸುಮಾರು ಶೇ 11ರಷ್ಟು ಸಾಂದ್ರ, ಬೆಲೆಯಲ್ಲಂತೂ ಹೋಲಿಕೆಯೇ ಇಲ್ಲ. ರಿಯಾಕ್ಟರಿನೊಳಗೆ ಓಡಾಡುವಾಗ ಅದರಲ್ಲಿ ವಿಕಿರಣಶೀಲ ಟ್ರಿಟಿಯಂ ಸೇರಿಕೊಳ್ಳುತ್ತದೆ. ತೋಟದ ಪಂಪಿನ ಗ್ಲ್ಯಾಂಡಿನಲ್ಲಿ ನಾಲ್ಕು ಹನಿ ಸೋರಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಇಲ್ಲಿ ಪ್ರತಿ ಹನಿಗೂ ಲೆಕ್ಕ ಕೊಡಬೇಕು. ಅದಕ್ಕಾಗಿ ಈ ಪಂಪಿನ ದಂಡದ ಮೇಲೆ ಒಂದರ ಮೇಲೊಂದು ಮೆಕ್ಯಾನಿಕಲ್ ಸೀಲ್‌ಗಳಿರುತ್ತವೆ.

5. ರಿಯಾಕ್ಟರನ್ನು ನಿಲ್ಲಿಸಿದರೂ ಅದರ ಬಿಸಿ ನಿಲ್ಲುವುದಿಲ್ಲ! ನಿಂತ ಕ್ಷಣದಲ್ಲಿ ಪೂರ್ಣ ಶಾಖದ ಶೇ 6ರಿಂದ 7ರಷ್ಟು ಇನ್ನೂ ಹುಟ್ಟುತ್ತಿರುತ್ತದೆ. ಕೈಗಾದಂಥ ಘಟಕದಲ್ಲಿ ಅದು ಸುಮಾರು 50 ಮೆಗಾವಾಟ್. ಐದು ಎಚ್‌ಪಿಯ 13,000 ಪಂಪ್‌ಸೆಟ್‌ಗಳ ಒಟ್ಟು ಶಕ್ತಿ ಇದಕ್ಕೆ ಸಮ. ಒಂದು ದಿನದ ನಂತರವೂ ಅರ್ಧ ಪ್ರತಿಶತದಷ್ಟು ಉಳಿದಿರುತ್ತದೆ. ಆದ್ದರಿಂದ ತಂಪು ಮಾಡುವ ಕೆಲಸ ಒಂದು ಗಳಿಗೆಯೂ ತಪ್ಪುವಂತಿಲ್ಲ.

6. ಕರೆಂಟ್ ಹೋದೊಡನೆ ಪಂಪ್‌ ತಟ್ಟನೆ ನಿಲ್ಲಬಾರದು. ಅದಕ್ಕಾಗಿ ಪ್ರಾಥಮಿಕ ಪಂಪಿಗೆ ಭಾರವಾದ ಫ್ಲೈವೀಲ್ ಕೂಡಿಸುತ್ತಾರೆ. ವಿದ್ಯುತ್ ಕಡಿದ ಮೇಲೂ ಪಂಪ್‌ ನಿಧಾನವಾಗಿ ವೇಗ ಕಳೆದುಕೊಳ್ಳುತ್ತ ಭಾರಜಲವನ್ನು ತಳ್ಳುತ್ತಿರುತ್ತದೆ. ಆ ಚಕ್ರ ಒಡೆದರೆ ಅದರ ಚೂರುಗಳು ಗುಂಡಿನಂತೆ ಸಿಡಿದಾವು. ಹಾಗಾಗಿ ಫ್ಲೈವೀಲನ್ನೂ ಅಲ್ಟ್ರಾಸಾನಿಕ್ ಪರೀಕ್ಷೆಗೆ ಒಡ್ಡುತ್ತಾರೆ.

7. ಪಂಪ್‌ಗಳೆಲ್ಲ ನಿಂತರೆ? ಹಂಡೆಯಲ್ಲಿ ಬಿಸಿ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವಂತೆ, ಎತ್ತರದಲ್ಲಿರುವ, ಹಬೆ ಹುಟ್ಟಿಸುವ ಸ್ಟೀಮ್ ಜನರೇಟರ್‌ಗಳ ಕಡೆಗೆ ಭಾರಜಲ ತಾನೇ ಸುತ್ತುತ್ತದೆ. ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರಂದು ಬೆಂಕಿ ಬಿದ್ದು ಸ್ಥಾವರಕ್ಕೆ ಸುಮಾರು 17 ಗಂಟೆ ಕರೆಂಟೇ ಇಲ್ಲದಾಯಿತು. ಆಗ ಸಿಬ್ಬಂದಿ ಡೀಸೆಲ್‌ನಿಂದ ಓಡುವ ಅಗ್ನಿಶಾಮಕ ಪಂಪ್‌ಗಳನ್ನು ಚಾಲೂ ಮಾಡಿ ಸ್ಟೀಮ್ ಜನರೇಟರಿಗೆ ನೀರು ಕೊಟ್ಟರು. ರಿಯಾಕ್ಟರ್ ಉಳಿಯಿತು. ಬೆಂಕಿ ಆರಿಸಲೆಂದು ಇಟ್ಟಿದ್ದ ಪಂಪ್‌ ಕೂಡ ಪರೀಕ್ಷೆಯಲ್ಲಿ ಪಾಸಾಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

8. ಜಪಾನಿನ ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ರಿಯಾಕ್ಟರ್‌ಗಳು ಭೂಕಂಪಕ್ಕೆ ಸರಿಯಾಗಿಯೇ ನಿಂತಿದ್ದವು. ಸುನಾಮಿ ನುಗ್ಗಿ ಡೀಸೆಲ್ ಜನರೇಟರ್‌ಗಳೂ ಸಮುದ್ರದ ನೀರಿನ ಪಂಪ್‌ಗಳೂ ಮುಳುಗಿದವು. ಅನಾಹುತವಾದದ್ದು ತಂಪು ಮಾಡಲಾಗದೆ.

ಉಕ್ಕು ಕರಗುವಲ್ಲೇ ಶುರು

9. ಫೌಂಡ್ರಿಯಲ್ಲಿ ಒಮ್ಮೆ ಕರಗಿಸಿದ ಉಕ್ಕಿನ ಪಾಕಕ್ಕೆ ಒಂದು ‘ಹೀಟ್ ನಂಬರ್’ ಇರುತ್ತದೆ. ಆ ಪಾಕದಿಂದಾದ ಪ್ರತಿ ಭಾಗದ ಮೇಲೂ ಆ ಸಂಖ್ಯೆ ಅಚ್ಚಾಗಿರಬೇಕು. ತುಂಡನ್ನು ಎರಡಾಗಿ ಕತ್ತರಿಸಬೇಕಿದ್ದರೆ, ಗುಣಮಟ್ಟ ನೋಡುವ ಇನ್‌ಸ್ಪೆಕ್ಟರ್ ಎದುರಲ್ಲಿ ಎರಡೂ ಕಡೆ ಸಂಖ್ಯೆ ಮೂಡಿಸಿದ ಮೇಲೆಯೇ ಗರಗಸ. ಸಂಖ್ಯೆ ಅಳಿಸಿಹೋದ ಉಕ್ಕು ಎಷ್ಟೇ ಚೆನ್ನಾಗಿದ್ದರೂ ಪಂಪಿಗೆ ಸೇರದು.

10. ಪಂಪಿನ ಕೇಸಿಂಗ್ (ಹೊರಕವಚ) ಎರಕ ಹೊಯ್ಯುವಾಗ ಅದೇ ಪಾಕದಿಂದ ಪರೀಕ್ಷೆಗೆಂದೇ ಬೇರೆ ತುಂಡುಗಳನ್ನೂ ಹೊಯ್ಯುತ್ತಾರೆ. ಕೇಸಿಂಗ್ ಕುಲುಮೆಯಲ್ಲಿ ಕಂಡ ಬಿಸಿಯನ್ನೆಲ್ಲ ಅವೂ ಕಾಣಬೇಕು. ಆಮೇಲೆ ಅವನ್ನು ಎಳೆದು, ಬಡಿದು, ಮುರಿದು ಉಕ್ಕಿನ ಗಟ್ಟಿತನವನ್ನು ಅಳೆಯುತ್ತಾರೆ.

11. ಉಕ್ಕಿನಲ್ಲಿ ಕೋಬಾಲ್ಟ್ ಎಷ್ಟಿದೆ ಎಂದೂ ನೋಡುತ್ತಾರೆ. ಸವೆದ ಕಣಗಳು ನೀರಿನೊಡನೆ ರಿಯಾಕ್ಟರಿನೊಳಗೆ ಹೋದರೆ ಆ ಕೋಬಾಲ್ಟ್ ನ್ಯೂಟ್ರಾನ್ ಹೀರಿ ಕೋಬಾಲ್ಟ್–60 ಆಗುತ್ತದೆ. ಅದರ ಅರ್ಧಾಯುಷ್ಯ 5.27 ವರ್ಷ. ಇಂದು ಉಕ್ಕಿನಲ್ಲಿ ಬಿಟ್ಟ ಚಿಟಿಕೆ ಕೋಬಾಲ್ಟ್ ಮುಂದೆ ರಿಪೇರಿಗೆ ಹೋಗುವ ಕೆಲಸಗಾರನ ಮೈಗೆ ವಿಕಿರಣವಾಗಿ ತಾಗುತ್ತದೆ.

12. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಗುರುತು ಹಾಕುವ ಮಾರ್ಕರ್ ಪೆನ್ನಿಗೂ ಸರ್ಟಿಫಿಕೇಟ್ ಬೇಕು! ಶಾಯಿ, ಅಂಟುಪಟ್ಟಿ, ತೊಳೆಯುವ ದ್ರವ – ಯಾವುದರಲ್ಲೂ ಕ್ಲೋರೈಡ್ ಮಿತಿ ಮೀರಬಾರದು. ಬಿಸಿ ಮತ್ತು ಒತ್ತಡ ಸೇರಿದಾಗ ಕ್ಲೋರೈಡ್ ಈ ಉಕ್ಕಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿಸುತ್ತದೆ.

13. ಸಾಧಾರಣ ಕಬ್ಬಿಣ ಉಜ್ಜಿದ ಬ್ರಷ್ಷು, ಗ್ರೈಂಡಿಂಗ್ ಚಕ್ರ ಈ ಉಕ್ಕನ್ನು ಮುಟ್ಟುವಂತಿಲ್ಲ. ಕಬ್ಬಿಣದ ಕಣ ಅಂಟಿದರೆ ಅಲ್ಲಿಂದಲೇ ತುಕ್ಕು ಆರಂಭ. ಹೀಗಾಗಿ ಕಾರ್ಖಾನೆಯಲ್ಲಿ ಸ್ಟೇನ್‌ಲೆಸ್ ಕೆಲಸಕ್ಕೆ ಬೇರೆಯೇ ಜಾಗ, ಬೇರೆಯೇ ಉಪಕರಣ.

ಒಳಗನ್ನು ಕಾಣುವ ಬಗೆ

14. ಎರಕದ ಒಳಗಿನ ಗಾಳಿಗುಳ್ಳೆ, ಮರಳುಕಣಗಳನ್ನು ಪತ್ತೆ ಮಾಡುವುದು ರೇಡಿಯಾಗ್ರಫಿ. ತೆಳು ಭಾಗಗಳಿಗೆ ಎಕ್ಸ್‌ರೇ ಅಥವಾ ಇರಿಡಿಯಂ–192, ದಪ್ಪ ಎರಕಕ್ಕೆ ಕೋಬಾಲ್ಟ್–60. ಇರಿಡಿಯಂನ ಅರ್ಧಾಯುಷ್ಯ ಸುಮಾರು 74 ದಿನ ಮಾತ್ರ. ಹಾಗಾಗಿ ಮೂಲವನ್ನು ಆಗಾಗ ಬದಲಿಸಬೇಕು.

15. ಅಲ್ಟ್ರಾಸಾನಿಕ್ ಪರೀಕ್ಷೆ ಶಬ್ದದ ಪ್ರತಿಧ್ವನಿಯಿಂದ ಬಿರುಕನ್ನು ಹುಡುಕುತ್ತದೆ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ. ಇಲ್ಲಿ ಬಳಸುವುದು ಹತ್ತಾರು ಲಕ್ಷ ಕಂಪನದ ಶಬ್ದ. ಆದರೆ ಸ್ಟೇನ್‌ಲೆಸ್ ಎರಕದ ಒರಟು ಹರಳುಗಳು ಆ ಶಬ್ದವನ್ನು ಚೆದುರಿಸಿಬಿಡುತ್ತವೆ. ಯಾವ ಲೋಹಕ್ಕೆ ಯಾವ ಪರೀಕ್ಷೆ ಎಂದು ಅರಿಯುವುದೇ ಇನ್‌ಸ್ಪೆಕ್ಟರ್‌ನ ವಿದ್ಯೆ.

16. ಮೇಲ್ಮೈ ಬಿರುಕಿಗೆ ‘ಡಿಪಿ ಟೆಸ್ಟ್’. ಕೆಂಪು ಬಣ್ಣದ ದ್ರವ ಹಚ್ಚಿ, ಕಾದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಅವಿತ ಬಣ್ಣ ಕೆಂಪು ಗೆರೆಯಾಗಿ ಮೇಲೇಳುತ್ತದೆ. ಆಸ್ಟೆನೈಟಿಕ್ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಹಿಡಿಯದ ಕಾರಣ ಮ್ಯಾಗ್ನೆಟಿಕ್ ಪರೀಕ್ಷೆ ಅಲ್ಲಿ ಕೆಲಸಕ್ಕೆ ಬಾರದು.

17. ಕೇಸಿಂಗಿನಲ್ಲಿ ನೀರು ತುಂಬಿ, ವಿನ್ಯಾಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಕನಿಷ್ಠ 10 ನಿಮಿಷ ಹಿಡಿದು ಮೂಲೆಮೂಲೆ ನೋಡುವುದು ಹೈಡ್ರೋ ಟೆಸ್ಟ್. ಗಾಳಿಯ ಬದಲು ನೀರು ಏಕೆ? ಅಕಸ್ಮಾತ್ ಒಡೆದರೆ ಒತ್ತಿದ ಗಾಳಿ ಸ್ಫೋಟಿಸುತ್ತದೆ, ನೀರಿನ ಒತ್ತಡ ಥಟ್ಟನೆ ಇಳಿದುಹೋಗುತ್ತದೆ.

18. ನಿಮಿಷಕ್ಕೆ 1,500 ಸುತ್ತು ತಿರುಗುತ್ತ ನೀರನ್ನು ತಳ್ಳುವ ಇಂಪೆಲ್ಲರಿನಲ್ಲಿ, ಮಧ್ಯದಿಂದ 30 ಸೆಂಟಿಮೀಟರ್ ದೂರದಲ್ಲಿ, ಬರೀ 10 ಗ್ರಾಂ ತೂಕ ಹೆಚ್ಚಿದ್ದರೂ ಬೇರಿಂಗನ್ನು ಸುಮಾರು ಏಳೂವರೆ ಕಿಲೋ ಭಾರದಷ್ಟು ಬಲ ಸೆಕೆಂಡಿಗೆ 25 ಬಾರಿ ಎಳೆದಾಡುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಅದಕ್ಕೇ ಇಂಪೆಲ್ಲರನ್ನು ತಿರುಗಿಸಿ, ಗ್ರಾಂ ಲೆಕ್ಕದಲ್ಲಿ ಲೋಹ ಕೆರೆದು ಬ್ಯಾಲೆನ್ಸ್ ಮಾಡುತ್ತಾರೆ.

19. ಟೆಸ್ಟ್ ಬೆಡ್ ಮೇಲೆ ಪಂಪನ್ನು ಓಡಿಸಿ ಎಷ್ಟು ಎತ್ತರಕ್ಕೆ (ಹೆಡ್) ಎಷ್ಟು ನೀರು ಕೊಡುತ್ತದೆಂದು ಹಲವು ಬಿಂದುಗಳಲ್ಲಿ ಅಳೆಯುತ್ತಾರೆ. ಹೀರುವ ಕಡೆಯ ಒತ್ತಡವನ್ನು ಬೇಕೆಂದೇ ಇಳಿಸುತ್ತ ಹೋಗಿ, ಹೆಡ್ ಶೇ 3ರಷ್ಟು ಕುಸಿಯುವ ಹಂತವನ್ನು ಗುರುತಿಸುತ್ತಾರೆ. ಒತ್ತಡ ಹೀಗೆ ಇಳಿದಾಗ ನೀರಿನಲ್ಲಿ ಆವಿಗುಳ್ಳೆ ಎದ್ದು, ಸಿಡಿದು, ಇಂಪೆಲ್ಲರನ್ನು ತಿನ್ನುತ್ತದೆ. ನೀರು ತಳ ಕಂಡ ಬಾವಿಯಲ್ಲಿ ಓಡುವ ಪಂಪಿಗೂ ಇದೇ ಗತಿ.

20. ಭೂಕಂಪವನ್ನು ಕೃತಕವಾಗಿ ಹುಟ್ಟಿಸುವ ಜಾಗ ನಮ್ಮ ಬೆಂಗಳೂರಿನಲ್ಲೇ ಇದೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ಮೀಟರ್ ಉದ್ದಗಲದ, 10 ಟನ್ ಹೊರಬಲ್ಲ ಅಲುಗಾಟದ ವೇದಿಕೆಯಿದೆ. ವಿದ್ಯುತ್ ಸ್ಥಾವರಗಳ ಉಪಕರಣಗಳನ್ನು ಅದರ ಮೇಲೆ ಬಿಗಿದು ಎಲ್ಲ ದಿಕ್ಕಿಗೂ ಕುಲುಕಿ, ಅವು ತಾಳುತ್ತವೆಯೇ ಎಂದು ನೋಡುತ್ತಾರೆ.

ಸಹಿಯ ಬೆಲೆ

21. ಪಂಪ್‌ ತಯಾರಿಗೆ ಮೊದಲೇ ‘ಕ್ಯೂಎಪಿ’ ಎಂಬ ಗುಣಮಟ್ಟ ಯೋಜನೆ ಒಪ್ಪಿಗೆಯಾಗಬೇಕು. ಯಾವ ಹಂತದಲ್ಲಿ ಏನನ್ನು, ಹೇಗೆ, ಎಷ್ಟು ಪರೀಕ್ಷಿಸಬೇಕು, ಮಾಡುವವರಾರು, ಎದುರು ನಿಂತು ನೋಡುವವರಾರು – ಎಲ್ಲವೂ ಅದರಲ್ಲಿ ಬರೆದಿರುತ್ತದೆ.

22. ಅದರಲ್ಲಿ ಕೆಲವು ಹಂತಗಳು ‘ಹೋಲ್ಡ್ ಪಾಯಿಂಟ್’. ಇನ್‌ಸ್ಪೆಕ್ಟರ್ ಬಂದು, ನೋಡಿ, ಸಹಿ ಹಾಕುವವರೆಗೆ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಕಾರ್ಖಾನೆಯ ಮಾಲೀಕರು ಹೇಳಿದರೂ ಇಲ್ಲ.

23. ಅಮೆರಿಕ 1970ರಲ್ಲಿ ಅಣು ಸ್ಥಾವರಗಳ ಗುಣಮಟ್ಟಕ್ಕೆ 18 ಸೂತ್ರಗಳನ್ನು ಕಾನೂನಾಗಿಸಿತು. ಪರೀಕ್ಷಿಸುವವರು ಖರ್ಚು ಮತ್ತು ಗಡುವಿನ ಒತ್ತಡಕ್ಕೆ ಸಿಲುಕದೆ ಸ್ವತಂತ್ರವಾಗಿರಬೇಕು ಎಂಬುದು ಅದರ ತಿರುಳು. ನಮ್ಮಲ್ಲಿ 1983ರ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿ ರಚನೆಯಾಯಿತು. ಅದರ ಗುಣಮಟ್ಟ ಸಂಹಿತೆ 1988ರಲ್ಲಿ ಬಂತು.

24. ವೆಲ್ಡರ್‌ಗೆ ಅನುಭವ ಇದ್ದರಷ್ಟೇ ಸಾಲದು. ಯಾವ ಲೋಹ, ಯಾವ ದಪ್ಪ, ಯಾವ ಭಂಗಿಯಲ್ಲಿ ಬೆಸೆಯುತ್ತಾರೋ ಅದಕ್ಕೇ ಪರೀಕ್ಷೆ ಕೊಟ್ಟು ಪಾಸಾಗಿರಬೇಕು. ಯಾವ ಬೆಸುಗೆ ಯಾರದು ಎಂಬುದು ವರ್ಷಗಳ ನಂತರವೂ ಕಡತದಿಂದ ತಿಳಿಯುತ್ತದೆ.

25. ಅಳೆಯುವ ಸಾಧನವನ್ನೂ ಅಳೆಯಬೇಕು. ಗೇಜು, ಮೈಕ್ರೋಮೀಟರುಗಳ ಕ್ಯಾಲಿಬ್ರೇಷನ್ ಅವಧಿ ಮುಗಿದಿದ್ದರೆ ಅದರಿಂದ ಮಾಡಿದ ಪರೀಕ್ಷೆಗೆ ಮಾನ್ಯತೆಯಿಲ್ಲ.

ತಪ್ಪಿದರೆ ಏನಾಗುತ್ತದೆ?

26. ದಕ್ಷಿಣ ಕೊರಿಯಾದಲ್ಲಿ 2012ರ ನವೆಂಬರ್‌ನಲ್ಲಿ ಬಿಡಿಭಾಗಗಳಿಗೆ ಖೋಟಾ ಗುಣಮಟ್ಟ ಪತ್ರ ಕೊಟ್ಟದ್ದು ಬಯಲಾಗಿ ಯೊಂಗ್‌ಗ್ವಾಂಗ್‌ನ ಎರಡು ರಿಯಾಕ್ಟರ್‌ಗಳನ್ನು ನಿಲ್ಲಿಸಬೇಕಾಯಿತು. ಭಾಗ ಗಟ್ಟಿಯಾಗಿದ್ದಿರಲೂಬಹುದು. ಆದರೆ ಪತ್ರ ಸುಳ್ಳಾದರೆ ಅದನ್ನು ನಂಬುವ ದಾರಿಯೇ ಮುಚ್ಚಿತು.

27. ಜಪಾನಿನ ಮಿಹಾಮಾದಲ್ಲಿ 2004ರ ಆಗಸ್ಟ್ 9ರಂದು ಹಬೆ ನುಗ್ಗಿ ಐವರು ಕೆಲಸಗಾರರು ಸತ್ತರು. ಒಡೆದ ಪೈಪ್‌ 1976ರಲ್ಲಿ ಆ ಘಟಕ ಆರಂಭವಾದಾಗಿನಿಂದ ಒಮ್ಮೆಯೂ ಪರೀಕ್ಷೆಗೆ ಒಳಗಾಗಿರಲಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಆ ಜಾಗವೇ ಬಿಟ್ಟುಹೋಗಿತ್ತು.

28. ಕೈಗಾಕ್ಕೂ ಇಂಥ ಪಾಠವಾಗಿದೆ. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿತ್ತು. ಒಳಗಿನ್ನೂ ಇಂಧನವಿರಲಿಲ್ಲ. ವಿನ್ಯಾಸವನ್ನು ತಿದ್ದಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಅದೇ ಘಟಕ 2016ರ ಮೇ 13ರಂದು ಓಟ ಆರಂಭಿಸಿ, 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಉತ್ಪಾದನೆಯಾದದ್ದು ಸುಮಾರು 500 ಕೋಟಿ ಯೂನಿಟ್. ಈ ಬಗೆಯ ರಿಯಾಕ್ಟರಿಗೆ ನಡೆಯುತ್ತಿರುವಾಗಲೇ ಇಂಧನ ತುಂಬುತ್ತಾರೆ. ಹಾಗಾಗಿ ಪಂಪ್‌ಗಳಿಗೂ ವಿರಾಮ ಸಿಗುವುದಿಲ್ಲ.

ನಮ್ಮ ಸೀಮೆಗೆ ಬಂದರೆ

29. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಸಾಂಗ್ಲಿ ಸೀಮೆಯಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಅವರ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ನಮ್ಮ ಹರಿಹರದಲ್ಲಿ ನೆಲೆಯೂರಿ ಲೇತ್‌ಗಳಿಗೆ ಹೆಸರಾಯಿತು. ಕಿರ್ಲೋಸ್ಕರ್ ಬ್ರದರ್ಸ್ ಇಂದು ಅಣು ಸ್ಥಾವರಗಳಿಗೂ ಪಂಪ್‌ ತಯಾರಿಸುತ್ತದೆ.

30. ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ತುಂಗಭದ್ರೆಯ ನೀರೆತ್ತುವುದು, ಸಾಸ್ವೆಹಳ್ಳಿ ಏತ ನೀರಾವರಿ, ಚನ್ನಗಿರಿ ಕಡೆಯ ಉಬ್ರಾಣಿ–ಅಮೃತಾಪುರ ಯೋಜನೆ – ಎಲ್ಲವೂ ದೊಡ್ಡ ಪಂಪ್‌ಗಳ ಕೆಲಸ. ಇವಕ್ಕೆ ಅಣು ಸ್ಥಾವರದಷ್ಟು ಬಿಗಿ ನಿಯಮ ಬೇಕಿಲ್ಲ. ಆದರೆ ಹೈಡ್ರೋ ಟೆಸ್ಟ್, ಬ್ಯಾಲೆನ್ಸಿಂಗ್, ಹೆಡ್–ಡಿಸ್ಚಾರ್ಜ್ ಪರೀಕ್ಷೆ ಇವಕ್ಕೂ ಬೇಕು. ಆ ವರದಿ ಕೇಳುವುದು ಕೆರೆ ನೆಚ್ಚಿದ ಊರಿನ ಹಕ್ಕು.

31. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ‘ಐಎಸ್ 8034’ ಎಂಬ ಭಾರತೀಯ ಮಾನಕವಿದೆ. ಐಎಸ್‌ಐ ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಲೇಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಅಸಲಿಯೇ ಎಂದು ಅಂಗಡಿಯಲ್ಲೇ ತಿಳಿಯುತ್ತದೆ.

32. ಐಟಿಐ, ಡಿಪ್ಲೊಮಾ ಓದಿದ ಮಕ್ಕಳಿಗೆ ಇಲ್ಲೊಂದು ಒಳ್ಳೆಯ ದಾರಿಯಿದೆ. ರೇಡಿಯಾಗ್ರಫಿ, ಅಲ್ಟ್ರಾಸಾನಿಕ್, ಡಿಪಿ ಪರೀಕ್ಷೆಗಳಿಗೆ ಲೆವೆಲ್ 1, 2, 3 ಎಂಬ ಅರ್ಹತಾ ಹಂತಗಳಿವೆ. ಪ್ರತಿ ಹಂತಕ್ಕೂ ತರಬೇತಿ, ಅನುಭವ, ಪರೀಕ್ಷೆ ಜೊತೆಗೆ ಕಣ್ಣಿನ ತಪಾಸಣೆಯೂ ಕಡ್ಡಾಯ. ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲೇ ಮಂಜೂರಾತಿ ಸಿಕ್ಕಿದೆ. ನಿಖರವಾಗಿ ನೋಡುವ, ಕಂಡದ್ದನ್ನೇ ಬರೆಯುವ, ಸರಿಯಿಲ್ಲದಿದ್ದರೆ ‘ಆಗದು’ ಎಂದು ಸಹಿ ತಡೆಹಿಡಿಯುವ ಧೈರ್ಯವುಳ್ಳ ಯುವಕ ಯುವತಿಯರು ಆ ಕೆಲಸಕ್ಕೆ ಬೇಕು. ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳೂ ಅದರಲ್ಲಿರಲಿ.