ಪಂಕ್ತಿಯ ಹೊರಗುಳಿದವರು



ಸೇಡಂ ತಾಲ್ಲೂಕಿನ ಮಳಖೇಡವೆಂದೊಡನೆ ಕನ್ನಡಿಗರ ಎದೆ ಅಭಿಮಾನದಿಂದ ಉಬ್ಬುವುದು ಸಹಜವಾಗಿದೆ. ಕಾಗಿಣಾ ನದಿಯ ದಂಡೆಯ ಮೇಲಿನ ಈ ಊರು ಹಿಂದೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ 'ಕವಿರಾಜಮಾರ್ಗ'ವು ರೂಪುಗೊಂಡಿತು. ಅದೇ ಮಳಖೇಡದಲ್ಲಿ 2023ರ ಜನವರಿ 19ರಂದು ಮತ್ತೊಂದು ಸ್ಮರಣೀಯ ಸಂಗತಿ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಯೇ ಇಲ್ಲದಿದ್ದ ಸುಮಾರು 1475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಅಲ್ಲಿಯ 50 ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ ಪ್ರಧಾನಮಂತ್ರಿಗಳ ಸಮ್ಮುಖದಲ್ಲಿ ಮನೆಯ ಹಕ್ಕುಪತ್ರಗಳ ವಿತರಣೆ ಅಂದು ನಡೆಯಿತು. ಆ ವಸತಿಗಳಲ್ಲಿ ಬಹಳಷ್ಟು ಲಂಬಾಣಿ ತಾಂಡಾಗಳೇ ಆಗಿದ್ದವು.

ಆ ಸಂಖ್ಯೆಯನ್ನು ಕೇಳಿ ಸಂತೋಷಪಟ್ಟವರು ಅನೇಕರು. ನನಗೆ ಸಂತೋಷದೊಡನೆ ನಾಚಿಕೆಯೂ ಆಯಿತು. ನಮ್ಮ ಊರುಗಳಿಂದ ಕೂಗಳತೆಯ ದೂರದಲ್ಲಿ ತಲೆಮಾರುಗಳಿಂದ ಬಾಳಿದ ಜನರ ನೆಲೆಗೆ ಸರಕಾರದ ಕಡತದಲ್ಲಿ ಊರೆಂಬ ಹೆಸರೇ ಇರಲಿಲ್ಲ. ಇಲ್ಲವೆಂಬುದು ನಮ್ಮ ಗಮನಕ್ಕೂ ಬಂದಿರಲಿಲ್ಲ.

ಹೆಸರಿಲ್ಲದಿದ್ದರೆ ಆಗುವ ನಷ್ಟವೇನು ಎಂದು ಕೆಲವರು ಕೇಳಬಹುದು. ತಾಂಡಾವು ಕಡತದಲ್ಲಿ ಪಕ್ಕದ ಊರಿನ ಬಾಲವಾಗಿರುತ್ತಿತ್ತು. ಮನೆ ನಿಂತ ನೆಲ ಸರಕಾರದ್ದೋ ಇನ್ನೊಬ್ಬರದ್ದೋ ಆಗಿರುತ್ತಿತ್ತು. ಗೋಡೆ ಕಟ್ಟಿದವನು ತಾನಾದರೂ ಅದು ತನ್ನದೆಂದು ತೋರಿಸಲು ಕಾಗದವಿಲ್ಲ. ಕಾಗದವಿಲ್ಲದವನಿಗೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಮನೆ ಕಟ್ಟುವ ಯೋಜನೆಗೆ ಅರ್ಜಿ ಹಾಕಿದರೂ ನಿವೇಶನದ ದಾಖಲೆ ಕೇಳುವರು. ರಸ್ತೆ, ನೀರು, ಶಾಲೆಗಳು ಮೊದಲು ಊರಿಗೆ ಬಂದು, ಉಳಿದದ್ದು ತಾಂಡಾಕ್ಕೆ. ಈ ಸ್ಥಿತಿಯನ್ನು ನೀಗಿಸಲೆಂದೇ ರಾಜ್ಯದ ಭೂಸುಧಾರಣಾ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತರಲಾಯಿತು.

ಈ ಜನರು ನೆಲೆಯಿಲ್ಲದವರಾದದ್ದು ಹೇಗೆಂಬುದನ್ನೂ ಅರಿಯಬೇಕು. ರಸ್ತೆಗಳಿಲ್ಲದ ಕಾಲದಲ್ಲಿ ಎತ್ತಿನ ಬೆನ್ನ ಮೇಲೆ ಉಪ್ಪು ಮತ್ತು ಧಾನ್ಯಗಳನ್ನು ಹೇರಿಕೊಂಡು ದಖ್ಖಣದ ಉದ್ದಗಲಕ್ಕೆ ಮುಟ್ಟಿಸುತ್ತಿದ್ದವರು ಲಂಬಾಣಿಗರು. ಮೊಗಲರ ದಂಡುಗಳೂ ಅವರು ತಂದ ಕಾಳಿನಿಂದಲೇ ಹೊಟ್ಟೆ ಹೊರೆದವು. ಮುಂದೆ ಹಳಿಗಳು ಬಂದವು. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡತೊಡಗಿತು. ಹೊರೆಯನ್ನು ರೈಲು ಹೊತ್ತ ಮೇಲೆ ಎತ್ತಿಗೆ ಕೆಲಸವೆಲ್ಲಿ? ವಾಡಿ ಜಂಕ್ಷನ್ನು ಬೆಳೆಯಿತು. ಎತ್ತಿನ ಸಾಲು ಕರಗಿತು. ಇದೇ ಕಾಲದಲ್ಲಿ, 1871ರಲ್ಲಿ, ಬ್ರಿಟಿಷರು ಕೆಲವು ಜನಾಂಗಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಕರೆಯುವ ಕಾನೂನನ್ನು ಮಾಡಿದರು. ಅನೇಕ ಪ್ರಾಂತಗಳಲ್ಲಿ ಲಂಬಾಣಿಗರ ಮೇಲೂ ಆ ಕಳಂಕ ಬಿತ್ತು. ಕಾನೂನು 1952ರಲ್ಲಿ ರದ್ದಾಯಿತಾದರೂ ಸಂಶಯದ ದೃಷ್ಟಿ ಅಷ್ಟು ಬೇಗ ರದ್ದಾಗಲಿಲ್ಲ.

ಚಿಂಚೋಳಿ, ಸೇಡಂಗಳ ಗಡಿಗೆ ಹೋದವರಿಗೆ ಇನ್ನೊಂದು ವಿಚಿತ್ರ ಕಾಣುವುದು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಗಡಿಯಾಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅಕ್ಕನನ್ನು ಆಚೆಗೆ ಕೊಟ್ಟು ತಂಗಿಯನ್ನು ಈಚೆಗೆ ಕೊಟ್ಟರೆ ಅವರ ಮಕ್ಕಳು ಎರಡು ಬೇರೆ ಪಟ್ಟಿಗಳಿಗೆ ಸೇರುವರು. ಪಟ್ಟಿಗಳು ಮನುಷ್ಯರ ಅನುಕೂಲಕ್ಕಾಗಿ ಆದವು, ಬೇಕಾದವು ಸಹ. ಆದರೆ ನೆರೆಯವನನ್ನು ಅರಿಯಲು ಪಟ್ಟಿಯೊಂದೇ ಸಾಲದು.

ಈಗ ನನ್ನದೇ ಒಂದು ತಪ್ಪನ್ನು ಭಕ್ತರ ಮುಂದೆ ಒಪ್ಪಿಸುವೆನು. ನಾನು ಮಠದಲ್ಲಿ ವಟುವಾಗಿದ್ದಾಗ ದಾಸೋಹದ ಪಡಸಾಲೆಗೆ ಶಹಾಬಾದದ ಫರಸಿ ಹಾಸಿಸಿದರು. ಶಹಾಬಾದ, ವಾಡಿ, ಚಿತ್ತಾಪುರಗಳ ನೆಲದಡಿಯಲ್ಲಿ ಪದರು ಪದರಾಗಿ ದೊರೆಯುವ ಈ ಸುಣ್ಣಕಲ್ಲು ನಮ್ಮ ಭಾಗದ ಮನೆಮನೆಯ ನೆಲವಾಗಿದೆ. ಊರ ಹೊರಗಿನ ಕೇರಿಯ ಹಿರಿಯರೊಬ್ಬರು ಎರಡು ತಿಂಗಳು ಮಂಡಿಯೂರಿ ಕುಳಿತು ಕಲ್ಲಿಗೆ ಕಲ್ಲು ಕೂಡಿಸಿದರು. ಹೊಸ ಪಡಸಾಲೆಯಲ್ಲಿ ಮೊದಲ ಪಂಕ್ತಿ ಕುಳಿತ ದಿನ ಅವರನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂಡಿಸಲಾಗಿತ್ತು. ಅವರಿಗೆ ಪ್ರಸಾದದ ಎಲೆ ಒಯ್ಯಲು ನನ್ನನ್ನು ಕಳಿಸಿದರು. ಅವರು ಎರಡೂ ಕೈ ಚಾಚಿದರು. ನಾನು ಎಲೆಯನ್ನು ಕೈಗೆ ಕೊಡಲಿಲ್ಲ. ನೆಲಕ್ಕಿಟ್ಟು ಹಿಂದೆ ಸರಿದೆನು.

ಅವರು ಸಿಟ್ಟಾಗಲಿಲ್ಲ. "ಎರಡು ತಿಂಗಳು ನಾ ಒಳಗ ಇದ್ದೆ, ಕಲ್ಲು ಹೊರಗಿತ್ತು, ಸ್ವಾಮ್ಯಾರ. ಈಗ ಕಲ್ಲು ಒಳಗ ಹೋತು, ನಾ ಹೊರಗ ಬಂದೆ" ಎಂದು ನಕ್ಕು, ಎಲೆಯನ್ನು ಎಳೆದುಕೊಂಡರು.

ಹಾಗೆ ಇಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರು ಮಾಡುವುದನ್ನು ನೋಡಿ ಕಲಿತಿದ್ದೆನು. ಹರಳಯ್ಯನವರ ಕಥೆಯನ್ನು ಅದೇ ವಾರ ಪಾಠದಲ್ಲಿ ಓದಿ ಗುರುಗಳಿಂದ ಭೇಷ್ ಎನಿಸಿಕೊಂಡಿದ್ದೆನು! ಆ ಹಿರಿಯರು ಈಗಿಲ್ಲ. ಕ್ಷಮೆ ಕೇಳುವ ಬುದ್ಧಿ ಬರುವಷ್ಟರಲ್ಲಿ ಕೇಳಬೇಕಾದವರೇ ಹೊರಟುಹೋಗಿದ್ದರು.

ನಮ್ಮ ಭಾಗದವರು ಅನ್ಯಾಯವನ್ನು ಅರಿಯದವರೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಹೇಳಿತು. ಆ 39ರಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರಗಳೂ ಸೇರಿದ್ದವು. ನಮ್ಮನ್ನು ಕಡೆಗಣಿಸಿದ್ದಾರೆಂದು ನಾವು ವರ್ಷಾನುಗಟ್ಟಲೆ ಕೂಗಿದೆವು. ಹೋರಾಟದ ಫಲವಾಗಿ ಸಂವಿಧಾನದ 371(ಜೆ) ವಿಧಿ ಬಂದು, 2013ರಿಂದ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ನಮ್ಮ ಮಕ್ಕಳಿಗೆ ಮೀಸಲಾತಿ ದೊರೆಯಿತು. ಅದು ನ್ಯಾಯವೇ ಸರಿ. ಆದರೆ ಬೆಂಗಳೂರಿನ ಮುಂದೆ ನಾವು ಹಿಡಿದ ತಕ್ಕಡಿಯನ್ನು ನಮ್ಮ ಊರ ಅಗಸೆಯ ಒಳಗೂ ಹಿಡಿಯಬೇಡವೆ? ಕೇರಿಯವರು, ತಾಂಡಾದವರು ತಮ್ಮ ಪಾಲು ಕೇಳಿದಾಗ ನಮಗೆ ಸಿಟ್ಟು ಬರುವುದಾದರೆ, ನಾವು ಕೇಳಿದ್ದು ನ್ಯಾಯವನ್ನಲ್ಲ, ಬರಿಯ ಪಾಲನ್ನು ಎಂದಾಗುವುದು.

ಬಸವಾದಿ ಶರಣರು ಇದನ್ನು ಅಂಗಳದಲ್ಲಿಯೇ ಮಾಡಿ ತೋರಿಸಿದರು. ಅವರ ಸಂಗದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಿಗೆ ಸಂದ ಹಿರಿತನ ಸರ್ವವಿದಿತ. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ರಕ್ತದಲ್ಲಿ ತೊಯ್ದಿತು. ಆ ಕಲ್ಯಾಣವು ನಮ್ಮ ಚಿಂಚೋಳಿಗೆ ದೂರದ ಊರೇನೂ ಅಲ್ಲ. 2019ರಿಂದ ನಮ್ಮ ಇಡೀ ಸೀಮೆಯೇ ಕಲ್ಯಾಣ ಕರ್ನಾಟಕವೆನಿಸಿದೆ. ಹೆಸರನ್ನು ಇಟ್ಟುಕೊಂಡವರಿಗೆ ಹೆಸರಿನ ಭಾರವೂ ಉಂಟು.

ಸಂಸಾರಸ್ಥರು ಮಾಡಬಹುದಾದದ್ದು ಕಡಿಮೆಯೇನಿಲ್ಲ. ಹೊಲದ ಕೆಲಸಕ್ಕೆ ಬಂದವರಿಗೆ ಬೇರೆ ಲೋಟ ಇಟ್ಟಿದ್ದರೆ ಇಂದೇ ತೆಗೆಯಿರಿ. ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ ಪಾಯ ತೋಡಿದವರನ್ನೂ ಫರಸಿ ಹಾಸಿದವರನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಹಕ್ಕುಪತ್ರ ಪಡೆದ ನೆರೆಯವರಿಗೆ ಓದಲು ಬಾರದಿದ್ದರೆ ಓದಿ ಹೇಳಿರಿ. ತಾಂಡಾದ ತಂದೆತಾಯಿಗಳು ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋದಾಗ ಅಜ್ಜಿಯೊಡನೆ ಉಳಿದ ಮಗು ಶಾಲೆ ಬಿಡದಂತೆ ವಿಚಾರಿಸಿರಿ. ಪಟ್ಟಣದಲ್ಲಿ ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳುವುದನ್ನು ನಿಲ್ಲಿಸಿರಿ. ಮುಖ್ಯವಾಗಿ, ಮಕ್ಕಳ ಎದುರಿಗೆ ಎಚ್ಚರವಾಗಿರಿ. ಅವರು ನಮ್ಮ ಪ್ರವಚನಕ್ಕಿಂತ ನಮ್ಮ ಕೈಗಳನ್ನು ಹೆಚ್ಚು ನೋಡುವರು.

ಊರಿಗೆ ಹೆಸರು ಕೊಡುವುದು ಸರಕಾರದ ಕೆಲಸ. ಅದು ತಡವಾಗಿಯಾದರೂ ನಡೆಯಿತು. ಎಲೆಯನ್ನು ಕೈಗೆ ಕೊಡುವುದು ನಮ್ಮ ಕೆಲಸ. ಅದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಿಲ್ಲ.