ಪಿಯುಸಿ ಮುಗಿಯಿತು, ಮುಂದಿನ ಬಸ್ಸು ಯಾವ ಊರಿಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ. ಊರು ಬಿಟ್ಟು ಓದಲು ಹೊರಟವರು ಬಸ್ಸನ್ನೇ ನೆಚ್ಚಬೇಕು. ಬಸ್ಸು ಎತ್ತ ಹೋಗುತ್ತದೋ ಓದೂ ಹೆಚ್ಚುಕಡಿಮೆ ಅತ್ತಲೇ ಹೋಗುತ್ತದೆ. ನ್ಯಾಮತಿಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗ ಹತ್ತಿರ. ಜಗಳೂರಿನವರಿಗೆ ಚಿತ್ರದುರ್ಗವೂ ಒಂದು ದಾರಿ. ಚನ್ನಗಿರಿಯವರು ದಾವಣಗೆರೆ ಬಸ್ಸು ಹತ್ತಿದಷ್ಟೇ ಸಲೀಸಾಗಿ ಶಿವಮೊಗ್ಗದ ಬಸ್ಸನ್ನೂ ಹತ್ತುತ್ತಾರೆ.

ಇದಕ್ಕೆ ಹಳೆಯ ಕಾರಣವೂ ಉಂಟು. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಇತ್ತೀಚೆಗಷ್ಟೇ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದೆ. ನಕ್ಷೆ ಬದಲಾಗಿ ಕಾಲು ಶತಮಾನ ಕಳೆದರೂ ಕಾಲೇಜು ಹುಡುಕುವಾಗ ಹಳೆಯ ಜಿಲ್ಲೆಯ ಸೆಳೆತ ಹೋಗಿಲ್ಲ.

ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳ ಏಪ್ರಿಲ್, ಮೇ ತಿಂಗಳು ಹಿಂದಿನಂತಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲ ಸಲ ಫೇಲಾದವರಷ್ಟೇ ಅಲ್ಲ, ಅಂಕ ಸಾಲದೆನಿಸಿದವರೂ ಮತ್ತೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಲೆಕ್ಕಕ್ಕೆ. ಆ ವರ್ಷ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 81.15 ಇತ್ತು. 2025ರ ಏಪ್ರಿಲ್ 8ರಂದು ಬಂದದ್ದು ಶೇ 73.45. ನೂರರಲ್ಲಿ ಇಪ್ಪತ್ತಾರಕ್ಕೂ ಹೆಚ್ಚು ಮಂದಿ ಅಂದು ಫೇಲಾದರೂ ‘ವರ್ಷ ಹಾಳಾಯಿತು’ ಎಂದು ಅಳುವ ಕಾಲ ಹೋಗಿದೆ. ಎರಡನೇ ಪರೀಕ್ಷೆ ಅದೇ ತಿಂಗಳ ಕೊನೆಗೆ ಶುರುವಾಯಿತು. ಈ ಒಂದು ಬದಲಾವಣೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಆದಷ್ಟು ಉಪಕಾರ ಬೇರೆಯವರಿಗೆ ಆಗಿರಲಾರದು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಗೆ ಗಂಡು ನೋಡುವುದು ಇಲ್ಲಿ ಹೊಸ ಸುದ್ದಿಯೇನಲ್ಲ.

ನಾಲ್ಕೂ ತಾಲ್ಲೂಕು ಒಂದೇ ಜಿಲ್ಲೆಯಲ್ಲಿದ್ದರೂ ಮನೆಯ ಲೆಕ್ಕಾಚಾರ ಬೇರೆ ಬೇರೆ. ಚನ್ನಗಿರಿಯಲ್ಲಿ ಭದ್ರಾ ನೀರು, ಸೂಳೆಕೆರೆ, ಅಡಿಕೆ ತೋಟ. ಇತ್ತೀಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದೆ. ನಾಲ್ಕೆಕರೆ ಫಸಲು ಕೊಡುವ ತೋಟವಿದ್ದ ಮನೆಯ ಹುಡುಗ ‘ಇಪ್ಪತ್ತು ಸಾವಿರ ಸಂಬಳಕ್ಕೆ ಬೆಂಗಳೂರಿಗೆ ಯಾಕೆ ಹೋಗಲಿ’ ಎಂದರೆ ಅದನ್ನು ಸೋಮಾರಿತನ ಎನ್ನಲಾಗದು. ಅದೇ ಜಗಳೂರಿನ ಬೆದ್ದಲಿನಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಎಲ್ಲಕ್ಕೂ ಮಳೆಯೇ ದಿಕ್ಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಾಗ ಜಗಳೂರೂ ಆ ಪಟ್ಟಿಯಲ್ಲಿತ್ತು. ಅಲ್ಲಿನ ಹುಡುಗನಿಗೆ ಹೊಲ ಕೈಹಿಡಿಯುವ ಭರವಸೆಯಿಲ್ಲ, ಓದು ಕೈಬಿಟ್ಟರೆ ಬೇರೆ ಆಸರೆಯೂ ಇಲ್ಲ.

ತಂದೆಯರ ಕಾಲದಲ್ಲಿ ಮೂರನೆಯ ದಾರಿಯೊಂದಿತ್ತು. ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಮೈಸೂರು ಕಿರ್ಲೋಸ್ಕರ್. ಎಸ್ಸೆಸ್ಸೆಲ್ಸಿಯೋ ಐಟಿಐಯೋ ಆದರೆ ಅಲ್ಲೊಂದು ಕೆಲಸ, ಕೈಗೆ ತಿಂಗಳ ಸಂಬಳ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಈಗ ಬೆಣ್ಣೆದೋಸೆಗೆ ಹೆಸರಾಗಿದೆ. ಗಿರಣಿಗಳು ಮುಚ್ಚಿದವು, ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಉಳಿದು ಬೆಳೆದದ್ದು ಶಿಕ್ಷಣ ಸಂಸ್ಥೆಗಳು. 1951ರ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ. ಓದಿಸುವ ಊರಾಗಿ ದಾವಣಗೆರೆ ಬೆಳೆದಷ್ಟು, ಓದಿದವರಿಗೆ ಕೆಲಸ ಕೊಡುವ ಊರಾಗಿ ಬೆಳೆಯಲಿಲ್ಲ.

ಇನ್ನು ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿ. 1994ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ವಿಜ್ಞಾನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬುದು ಎಲ್ಲರಿಗೂ ಗೊತ್ತು. ಅರ್ಜಿ ತುಂಬುವಾಗ ಕೇಳುವ ಸಣ್ಣ ಸಣ್ಣ ಪ್ರಶ್ನೆಗಳ ಬೆಲೆ ಎಲ್ಲರಿಗೂ ಗೊತ್ತಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಶೇ 15 ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಹತ್ತು ವರ್ಷವೆಂದರೆ ಪೂರ್ತಿ ಹತ್ತು ವರ್ಷ. ‘ಒಳ್ಳೆಯ ಸ್ಕೂಲಿಗೆ ಹಾಕೋಣ’ ಎಂದು ಎಂಟನೇ ತರಗತಿಗೆ ಮಗಳನ್ನು ಹಳ್ಳಿಯಿಂದ ದಾವಣಗೆರೆಯ ವಸತಿ ಶಾಲೆಗೆ ಸೇರಿಸಿದ ಅಪ್ಪನಿಗೆ ಆ ಮೂರು ವರ್ಷ ಏನನ್ನು ಕಿತ್ತುಕೊಂಡಿತೆಂದು ತಿಳಿಯುವುದು ಐದು ವರ್ಷದ ಮೇಲೆ. ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಶಾಲೆಯೂ ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ. ಜಗಳೂರು ಪೇಟೆಯಲ್ಲಿ ಓದಿದ ಬಡವನ ಮಗ, ನಿಯಮದ ಕಣ್ಣಿಗೆ ಪಟ್ಟಣದವನೇ.

ತಾಲ್ಲೂಕು ಕಚೇರಿಯ ಆಸುಪಾಸಿನ ಸೈಬರ್ ಸೆಂಟರ್‌ಗಳಲ್ಲಿ ಈ ನಿಯಮಗಳೆಲ್ಲ ಕಣ್ಣೆದುರಿಗೇ ಬರುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ, ಆಧಾರ್, ನಾಡಕಚೇರಿಯಲ್ಲಿ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪ್ರಮಾಣಪತ್ರದ ಆರ್‌ಡಿ ನಂಬರ್ ಒತ್ತಿದರೆ ಹೆಸರು ತಾನಾಗಿ ಬರಬೇಕು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅಲ್ಲಿಗೆ ನಿಂತಿತು. ಸೀಟು ಹಂಚಿಕೆ ಶುರುವಾದ ಮೇಲೆ ಇನ್ನೊಂದು ಕಂಟಕ: ಚಾಯ್ಸ್ 1, 2, 3, 4. ಸಿಕ್ಕ ಸೀಟು ಒಪ್ಪಿಗೆಯಾದರೆ 1. ಇದನ್ನು ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದಕ್ಕೆ ಕಾಯುವುದಾದರೆ 2. ಇದು ಬೇಡ, ಮುಂದಿನ ಸುತ್ತು ಸಾಕು ಎಂದರೆ 3. ಸಹವಾಸವೇ ಬೇಡವೆಂದರೆ 4. ಹದಿನೆಂಟು ವರ್ಷದವರ ನಾಲ್ಕು ವರ್ಷದ ಓದು ತೀರ್ಮಾನವಾಗುವ ಈ ಗುಂಡಿ ಒತ್ತುವಾಗ ಪಕ್ಕದಲ್ಲಿರುವ ಏಕೈಕ ಸಲಹೆಗಾರ ಅನೇಕ ಸಲ ಕಂಪ್ಯೂಟರ್ ಮುಂದೆ ಕೂತ ಹುಡುಗನೇ. ಪಾಪ, ಅವನ ಹಿಂದೆ ಇನ್ನೂ ಹತ್ತು ಜನ ಕಾಯುತ್ತಿರುತ್ತಾರೆ.

ಈ ತಾಲ್ಲೂಕುಗಳ ಮಕ್ಕಳಿಗೆ ಹೇಳಿ ಮಾಡಿಸಿದಂಥ ಒಂದು ಬಾಗಿಲೂ ಇದೆ. ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯದಂಥ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ವ್ಯವಸಾಯವೇ ಮನೆಯ ಜೀವನಾಧಾರ ಎಂಬುದಕ್ಕೆ ಕಂದಾಯ ಇಲಾಖೆಯ ಪ್ರಮಾಣಪತ್ರ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಮುಂದಿಟ್ಟ ಬೀಜ ಯಾವುದು, ಗೊಬ್ಬರ ಯಾವುದು, ಕಳೆ ಯಾವುದು, ಈ ಸಲಕರಣೆ ಯಾವ ಕೆಲಸಕ್ಕೆ ಎಂದು ಗುರುತಿಸುವ ಪರೀಕ್ಷೆ ಅದು. ಜಗಳೂರಿನ ಹೊಲದಲ್ಲಿ ಬೆಳೆದ ಹುಡುಗಿಗೆ ನವಣೆಗೂ ಸಜ್ಜೆಗೂ ಇರುವ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಎರಡು ವರ್ಷ ಹಾಸ್ಟೆಲ್ಲಿನಲ್ಲಿ ಕೂತು ನೀಟ್ ಪ್ರಶ್ನೆಗಳನ್ನೇ ತಿದ್ದಿದ ರೈತನ ಮಗ ಮಾತ್ರ ಅಲ್ಲಿ ತಡವರಿಸಬಹುದು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲೇ ಕೃಷಿ ಸಂಶೋಧನಾ ಕೇಂದ್ರವಿದೆ; ಅದು ಸೇರಿರುವ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ದೂರವಲ್ಲ. ತೋಟ ನೋಡಿಕೊಳ್ಳುತ್ತೇನೆ ಎನ್ನುವ ಅಡಿಕೆ ಬೆಳೆಗಾರರ ಮಗ ಈ ಓದು ಮುಗಿಸಿ ಬಂದರೆ, ಎಲೆಚುಕ್ಕೆ ರೋಗಕ್ಕೆ ಔಷಧಿ ಅಂಗಡಿಯವನ ಮಾತನ್ನೇ ನಂಬಬೇಕಾದ ಪಾಡು ತಪ್ಪೀತು.

ಎಂಜಿನಿಯರಿಂಗ್ ಸೀಟಿಗೆ ರ‍್ಯಾಂಕ್ ಬರದ ವಿಜ್ಞಾನದವರಿಗೆ ಪಾಲಿಟೆಕ್ನಿಕ್ ಇದೆ. ಪಿಯುಸಿ ವಿಜ್ಞಾನ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಸೇರಬಹುದು. ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಅವಕಾಶ. ಸುತ್ತುದಾರಿ, ಆದರೆ ಖರ್ಚು ಕಡಿಮೆ. ಚನ್ನಗಿರಿಯಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಯಂತ್ರದ ಕೆಲಸ ಕೈಹತ್ತುವವರಿಗೆ ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ.

ವಿಜ್ಞಾನದ ಮಾತೇ ಹೆಚ್ಚಾಯಿತೇನೋ. ಕಲಾ ಮತ್ತು ವಾಣಿಜ್ಯ ವಿಭಾಗದವರಿಗೆ ಫಲಿತಾಂಶದ ದಿನ ಪತ್ರಿಕೆಯಲ್ಲಿ ಜಾಗ ಸಿಕ್ಕರೂ, ಮರುದಿನದಿಂದ ಅವರನ್ನು ಕೇಳುವವರಿಲ್ಲ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜೇ ಅವರಲ್ಲಿ ಬಹುಪಾಲು ಜನರ ಮುಂದಿನ ಮೆಟ್ಟಿಲು. 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷದ್ದನ್ನೇ ತಂದಿತು. ಪಿಯುಸಿಯಲ್ಲಿ ಶೇ 45 ಪಡೆದ ಸಾಮಾನ್ಯ ವರ್ಗದವರು ಐದು ವರ್ಷದ ಕಾನೂನು ಪದವಿಗೆ ನೇರ ಸೇರಬಹುದು, ದಾವಣಗೆರೆಯಲ್ಲಿ ಆರ್.ಎಲ್. ಕಾನೂನು ಕಾಲೇಜಿದೆ. ವಾಣಿಜ್ಯದವರು ಬಿ.ಕಾಂ. ಮುಗಿಯುವತನಕ ಕಾಯದೆ ಸಿಎ ಫೌಂಡೇಷನ್ ಬರೆಯಬಹುದು. ಇಷ್ಟಾದರೂ ಬಹಳ ಮನೆಗಳಲ್ಲಿ ಕನಸೆಂದರೆ ಸರ್ಕಾರಿ ನೌಕರಿಯೇ. ಒಂದು ಕಾಲಕ್ಕೆ ಪಿಯುಸಿ ಅಂಕದ ಮೇಲೆಯೇ ಗ್ರಾಮ ಲೆಕ್ಕಿಗರ ಆಯ್ಕೆ ನಡೆಯುತ್ತಿತ್ತು. ಈಗ ಅವರು ಗ್ರಾಮ ಆಡಳಿತಾಧಿಕಾರಿಗಳು. 2024ರಲ್ಲಿ ಸಾವಿರ ಹುದ್ದೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸ್ಪರ್ಧಾತ್ಮಕ ಪರೀಕ್ಷೆಯನ್ನೇ ನಡೆಸಿತು, ಅರ್ಜಿಗಳು ಲಕ್ಷಗಟ್ಟಲೆ ಬಂದವು. ಪದವಿ ಮುಗಿಸಿಯೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಗೆ ಅದೇ ವರ್ಷದ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲೇ ಚಾಲನೆ ಸಿಕ್ಕಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪದವಿಯ ಮೇಲೆ ಏನನ್ನು ಕಲಿಯಬೇಕೆಂಬ ಯೋಚನೆ ಪದವಿಯ ಮೊದಲ ವರ್ಷದಲ್ಲೇ ಬರಬೇಕಾಗುತ್ತದೆ.

ಹೆಣ್ಣುಮಕ್ಕಳ ಓಡಾಟ 2023ರ ಜೂನ್ 11ರ ಮೇಲೆ ಬದಲಾಯಿತು. ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಉಚಿತವಾಯಿತು. ಆದರೆ ಶಿವಮೊಗ್ಗ ಸೀಮೆಯ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಅವುಗಳಲ್ಲಿ ಶಕ್ತಿ ನಡೆಯದು. ಬೆಳಗಿನ ಒಂಬತ್ತು ಗಂಟೆ ಕ್ಲಾಸಿಗೆ ಸರ್ಕಾರಿ ಬಸ್ಸು ಸಿಕ್ಕರೆ ದಿನದ ಖರ್ಚು ಸೊನ್ನೆ, ತಪ್ಪಿದರೆ ಟಿಕೆಟ್ ತೆಗೆಯಲೇಬೇಕು. ಹಾಸ್ಟೆಲ್ ಸಿಗದ ಹುಡುಗಿ ನಿತ್ಯ ಹಾಕುವ ಲೆಕ್ಕ ಇದು.

2025ರಲ್ಲಿ ಆ ಲೆಕ್ಕಕ್ಕೆ ದೊಡ್ಡ ಮೊತ್ತವೊಂದು ಸೇರಿತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ರಾಜ್ಯ ಸರ್ಕಾರದ ಜೊತೆಗೂಡಿ ದೀಪಿಕಾ ಹೆಸರಿನಲ್ಲಿ ಕೊಡುತ್ತಿರುವ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ, ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ. ಷರತ್ತು ಒಂದಿದೆ: ಹುಡುಗಿ ಎಸ್ಸೆಸ್ಸೆಲ್ಸಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಓದಿರಬೇಕು. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಒಳ್ಳೆಯ ಅಂಕ ತೆಗೆದವಳನ್ನು ಸಾಲ ಮಾಡಿ ನಗರದ ಖಾಸಗಿ ಪಿಯು ಕಾಲೇಜಿಗೆ ಸೇರಿಸಿದ ಮನೆಯವರು ಆ ಎರಡು ವರ್ಷದ ಫೀಸಿನ ಜೊತೆಗೆ ಮುಂದಿನ ಮೂರು ವರ್ಷದ 90,000 ರೂಪಾಯಿಯನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರವೇ ಪೋಷಕರನ್ನು ಕರೆಸಿ ಇದನ್ನು ಬಿಡಿಸಿ ಹೇಳುವ ಮೇಷ್ಟ್ರು ಇರುವ ಶಾಲೆಗಳು ಈ ತಾಲ್ಲೂಕುಗಳಲ್ಲಿ ಇವೆ, ಇಲ್ಲದವೂ ಇವೆ. ಎರಡೂ ಕಡೆಯ ಮಕ್ಕಳು ಬರೆಯುವುದು ಮಾತ್ರ ಒಂದೇ ಪರೀಕ್ಷೆ.