ರೋಮ್‌ನ ನೆಲದಡಿಯಲ್ಲಿ ನಂಬಿಕೆಯ ಪಾಠ

ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರಿನ ಕಥೆಯನ್ನು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ಮಕ್ಕಳು ಶಾಲೆಯಲ್ಲಿಯೇ ಕೇಳಿರುತ್ತಾರೆ. ಅದೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಹುತಾತ್ಮರ ಸ್ಮಾರಕದ ಮುಂದೆ ನಿಲ್ಲಿಸಿದರೆ, ಮುಂದೆ ಇಸವಿ ಮರೆತರೂ ಜಾಗ ಮರೆಯುವುದಿಲ್ಲ. ಓದಿ ತಿಳಿದದ್ದಕ್ಕೂ ನಿಂತು ಕಂಡದ್ದಕ್ಕೂ ಇರುವ ಈ ಅಂತರವನ್ನು ಕ್ಯಾಥೊಲಿಕ್ ಧರ್ಮಸಭೆ ಬಹಳ ಹಿಂದೆಯೇ ಗುರುತಿಸಿತ್ತು. ಗುರುದೀಕ್ಷೆಗೆ ಸಿದ್ಧರಾಗುವ ತರುಣರಲ್ಲಿ ಕೆಲವರನ್ನು ಅದು ಶತಮಾನಗಳಿಂದ ರೋಮ್‌ಗೆ ಓದಲು ಕಳುಹಿಸುತ್ತಿದೆ.

ಇದಕ್ಕೂ ನಮ್ಮ ಸೀಮೆಗೂ ನಂಟಿದೆ. 18ನೇ ಶತಮಾನದ ಆರಂಭದಲ್ಲಿ ಚಿಕ್ಕಬಳ್ಳಾಪುರದ ಕಡೆ ಧರ್ಮಬೋಧನೆಗೆ ಬಂದವರು ಫ್ರಾನ್ಸಿನ ಜೆಸ್ವಿಟ್ ಪಾದ್ರಿಗಳು. ಆಗ ಪಯಣ ಅಲ್ಲಿಂದ ಇಲ್ಲಿಗೆ. ಈಗ ಇಲ್ಲಿಂದ ಅಲ್ಲಿಗೆ ಹೋಗಿ ಓದಿ ಬರುವವರಿದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಕ್ಯಾಥೊಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. 2018ರಲ್ಲಿ ಅದರ ಆರ್ಚ್‌ಬಿಷಪ್ ಆದ, ಹೊನ್ನಾವರ ಮೂಲದ ಪೀಟರ್ ಮಚಾದೊ ಅವರು ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಪಡೆದದ್ದು ರೋಮ್‌ನ ಅರ್ಬನ್ ವಿಶ್ವವಿದ್ಯಾಲಯದಲ್ಲಿ.

ಈ ವಿಶ್ವವಿದ್ಯಾಲಯದ ಬೇರು 1627ರಲ್ಲಿದೆ. ಪೋಪ್ ಎಂಟನೇ ಅರ್ಬನ್ ಆ ವರ್ಷ ಒಂದು ಗುರುಮಠ ತೆರೆದರು. ಹೊರನಾಡುಗಳ ಧರ್ಮಪ್ರಸಾರದ ಹೊಣೆ ಹೊತ್ತ ಪೋಪರ ಇಲಾಖೆ 1622ರಲ್ಲಿ ಹುಟ್ಟಿತ್ತು. ಸ್ಥಳೀಯರೇ ಗುರುಗಳಾಗಬೇಕೆಂಬುದು ಅದರ ನಿಲುವಾಗಿತ್ತು.

ಬಿಜಾಪುರಕ್ಕೆ ಬಂದ ಬಿಷಪ್

ಆ ನಿಲುವಿನ ಫಲ ಕಂಡವರಲ್ಲಿ ಮೊದಲಿಗರು ಗೋವೆಯ ದಿವಾಡಿ ದ್ವೀಪದ ಮತೇವುಸ್ ದಿ ಕ್ಯಾಸ್ಟ್ರೊ. ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದ ಈ ತರುಣನಿಗೆ ಗೋವೆಯಲ್ಲಿ ಗುರುದೀಕ್ಷೆ ಸಿಗಲಿಲ್ಲ. ದೇಶೀಯರಿಗೆ ಆ ಪಟ್ಟ ಸಲ್ಲದೆಂದು ಅಲ್ಲಿನ ಪೋರ್ಚುಗೀಸ್ ಧರ್ಮಾಧಿಕಾರಿಗಳು ನಂಬಿದ್ದರು. ಆತ ರೋಮ್ ಸೇರಿ ಓದಿದರು. 1630ರಲ್ಲಿ ಗುರುದೀಕ್ಷೆ ದೊರೆಯಿತು, 1637ರಲ್ಲಿ ಬಿಷಪ್ ಪಟ್ಟ. ಲ್ಯಾಟಿನ್ ವಿಧಿಯಲ್ಲಿ ಆ ಪಟ್ಟಕ್ಕೇರಿದ ಮೊದಲ ಭಾರತೀಯ ಅವರೇ. ಅವರಿಗೆ ವಹಿಸಿದ ಸೀಮೆ ಆದಿಲ್‌ಶಾಹಿಗಳ ಬಿಜಾಪುರ ರಾಜ್ಯ.

ಊರಿಗೆ ಮರಳಿದ ಮೇಲೂ ಗೋವೆಯ ಅಧಿಕಾರಿಗಳ ವಿರೋಧ ನಿಲ್ಲಲಿಲ್ಲ. ಆಗ ಬಿಜಾಪುರದ ಆಳ್ವಿಕೆಯಲ್ಲಿದ್ದ ಬಿಚೋಲಿಯಲ್ಲಿ ಅವರು ನೆಲೆ ನಿಂತರು. ತನ್ನವರೇ ತಳ್ಳಿದ ಧರ್ಮವನ್ನು ಅವರು ಬಿಡಲಿಲ್ಲವೇಕೆ? ಗೋವೆಯ ಧರ್ಮಸಭೆಯೇ ಇಡೀ ಧರ್ಮಸಭೆಯಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು ಎಂಬುದೇ ಇದಕ್ಕೆ ಉತ್ತರವಿರಬಹುದು.

ನೆಲದಡಿಯ ಸಾಕ್ಷಿ

ರೋಮ್‌ಗೆ ಹೋದ ವಿದ್ಯಾರ್ಥಿ ಕಾಣುವುದಾದರೂ ಏನನ್ನು? ಸಂತ ಪೇತ್ರರ ಮಹಾದೇವಾಲಯದ ಗೋಪುರ ಎಲ್ಲರಿಗೂ ಕಾಣುತ್ತದೆ. ಅದರ ಕೆಳಗೊಂದು ಪುರಾತನ ಸ್ಮಶಾನವಿದೆ. 1940ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಯಿತು. ಪೇತ್ರರ ಸಮಾಧಿಯ ಸ್ಥಳ ದೊರೆತಿದೆಯೆಂದು 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಪ್ರಕಟಿಸಿದರು. ಅಷ್ಟು ದೊಡ್ಡ ಕಟ್ಟಡ ಎದ್ದಿರುವುದು ಒಬ್ಬ ಬೆಸ್ತನ ಗೋರಿಯ ಮೇಲೆ.

ಸಂತ ಕ್ಲೆಮೆಂಟರ ದೇವಾಲಯ ಇನ್ನೂ ವಿಚಿತ್ರ. ಮೇಲಿರುವುದು 12ನೇ ಶತಮಾನದ ಗುಡಿ. ಮೆಟ್ಟಿಲಿಳಿದರೆ 4ನೇ ಶತಮಾನದ್ದು. ಇನ್ನೂ ಇಳಿದರೆ ರೋಮನ್ನರ ಕಟ್ಟಡ, ಅಲ್ಲಿ ಮಿತ್ರ ದೇವತೆಯ ಪೂಜಾಸ್ಥಾನ. ಪುಸ್ತಕದಲ್ಲಿ ನೂರಾರು ಪುಟ ಹಿಡಿಯುವ ಚರಿತ್ರೆ ಇಲ್ಲಿ ಕೆಲವೇ ಮೆಟ್ಟಿಲುಗಳಲ್ಲಿ ಮುಗಿಯುತ್ತದೆ.

ಆಪ್ಪಿಯಾ ರಸ್ತೆಯ ಸಂತ ಕಲಿಸ್ಟಸರ ನೆಲಸುರಂಗಗಳನ್ನು ಕ್ಯಾಟಕೂಂಬ್ ಎನ್ನುತ್ತಾರೆ. ಕ್ರೈಸ್ತರು ಹಿಂಸೆಗೆ ಅಂಜಿ ಇವುಗಳಲ್ಲಿ ಅಡಗಿ ಬಾಳುತ್ತಿದ್ದರೆಂಬುದು ಜನಜನಿತ ಕಥೆ, ಆದರೆ ನಿಜವಲ್ಲ. ಇವು ಸ್ಮಶಾನಗಳು. ಮೃದುವಾದ ಜ್ವಾಲಾಮುಖಿ ಕಲ್ಲನ್ನು ಕೊರೆದು ಗೋಡೆಯಲ್ಲಿ ಹೆಣವಿಡುವ ಗೂಡುಗಳನ್ನು ಮಾಡುತ್ತಿದ್ದರು. ಬಂಧುಗಳು ಬಂದು ಸತ್ತವರನ್ನು ನೆನೆಯುತ್ತಿದ್ದರು. 258ರಲ್ಲಿ ರೋಮನ್ ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ ಕೊಲೆಯಾದ ಪೋಪ್ ಎರಡನೇ ಸಿಕ್ಸ್ಟಸ್‌ರನ್ನು ಹೂಳಿದ್ದು ಇಲ್ಲಿಯೇ. ಗುಡಿಯಲ್ಲಿ ಪ್ರತಿದಿನ ಉಚ್ಚರಿಸುವ ವಿಶ್ವಾಸಕ್ಕಾಗಿ ಒಬ್ಬರು ಪ್ರಾಣ ಕೊಟ್ಟರೆಂಬ ಮಾತು ಆ ಗೂಡಿನ ಮುಂದೆ ಬರಿಯ ಮಾತಾಗಿ ಉಳಿಯುವುದಿಲ್ಲ.

ಹಾಗೆಂದು ಜಾಗ ನೋಡಿದ ಮಾತ್ರಕ್ಕೆ ಭಕ್ತಿ ಬಲಿಯುತ್ತದೆಯೇ? 1510ರ ಸುಮಾರಿಗೆ ರೋಮ್‌ಗೆ ಹೋದ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಅಲ್ಲಿನ ಧರ್ಮಾಧಿಕಾರಿಗಳ ಉಡಾಫೆ ಕಂಡು ಬೇಸರಗೊಂಡದ್ದನ್ನು ಮುಂದೆ ನೆನೆದರು. ಕಲ್ಲು ಸಾಕ್ಷಿ ಹೇಳುತ್ತದೆ, ನಿಜ. ಅದನ್ನು ಕೇಳಿಸಲು ಮನುಷ್ಯರ ನಡತೆಯೂ ಜೊತೆಗಿರಬೇಕು. ಆಫ್ರಿಕಾ, ಚೀನಾ, ವಿಯೆಟ್ನಾಂಗಳಿಂದ ಬಂದವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದುವ ವಿದ್ಯಾರ್ಥಿಗೆ, ಆ ಸಹಪಾಠಿಗಳೂ ಪುರಾತನ ದೇವಾಲಯಗಳಷ್ಟೇ ದೊಡ್ಡ ಪಾಠ.

ಆ ಪಾಠದ ಪರೀಕ್ಷೆ ನಡೆಯುವುದು ಮಾತ್ರ ಊರಿಗೆ ಮರಳಿದ ಮೇಲೆ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಜನರ ನುಡಿಯಲ್ಲಿ ಪೂಜೆಗೆ ದಾರಿ ಮಾಡಿತು. ಲ್ಯಾಟಿನ್‌ನಲ್ಲಿದ್ದ ಬಲಿಪೂಜೆ ಕನ್ನಡಕ್ಕೆ ಬಂತು. ರೋಮ್‌ನಲ್ಲಿ ಓದಿದ್ದನ್ನು ಕನ್ನಡ, ತೆಲುಗು ಬೆರೆತ ನಮ್ಮ ಗಡಿಸೀಮೆಯ ಮಾತಿನಲ್ಲಿ ಹೇಳಲಾಗದಿದ್ದರೆ ಆ ಓದು ಪದವಿಪತ್ರಕ್ಕಷ್ಟೇ ಸೀಮಿತ.

ಹೇಳಲು ಉದಾಹರಣೆ ದೂರವೇನಿಲ್ಲ. ಪ್ರತಿವರ್ಷ ನವೆಂಬರ್ 2ರಂದು, ಸತ್ತವರನ್ನು ನೆನೆಯುವ ದಿನ, ಇಲ್ಲಿನ ಕ್ಯಾಥೊಲಿಕರು ಹಿರಿಯರ ಸಮಾಧಿಗಳನ್ನು ಶುಚಿಮಾಡಿ, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಆಪ್ಪಿಯಾ ರಸ್ತೆಯ ನೆಲದಡಿಯಲ್ಲಿ ಆದಿ ಕ್ರೈಸ್ತರು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ರೋಮ್ ಕಂಡು ಬಂದವನಿಗೆ ತನ್ನೂರಿನ ಆ ಬತ್ತಿಯ ಬೆಳಕು ಹೊಸದಾಗಿ ಕಂಡರೆ, ಅಷ್ಟು ದೂರ ಹೋಗಿ ಓದಿದ್ದು ಸಾರ್ಥಕ.